ಹಲ್ಲಿಲ್ಲದ ಗರಗಸ

ಸಂಜೆ ಶಾಲೆಯ ಬೆಂಚುಗಳೆಲ್ಲ ಬೆಳಿಗ್ಗೆ ಬರುವ ಮಕ್ಕಳಿಗೆಂದು ಮಾಡಿದವು. ದೊಡ್ಡವರು ಅವುಗಳಲ್ಲಿ ಕೂರಬೇಕೆಂದರೆ ಮೊದಲು ಮಂಡಿಯನ್ನು ಒಪ್ಪಿಸಬೇಕು, ಆಮೇಲೆ ಸೊಂಟವನ್ನು. ಅಕ್ಕನಿಗೆ ಅದೇನೂ ಅಷ್ಟು ಕಷ್ಟವಾಗಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ವರ್ಷಾನುಗಟ್ಟಲೆ ಬಗ್ಗಿದ ಬೆನ್ನು ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ. ಪಾಡು ಪಟ್ಟವನು ಪಕ್ಕದಲ್ಲಿ ಕೂತ ತಮ್ಮ. ಅವನು ಬಡಗಿ, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವ ಆಳು. ಮೊದಲ ದಿನ ಬೆಂಚು ಕಿರ್ರೆಂದು ಅಲುಗಾಡಿದ್ದೇ ತಡ, ಪಾಠ ಕೇಳುವುದು ಬಿಟ್ಟು ಕೆಳಗೆ ಬಗ್ಗಿ, ಜೇಬಿನಲ್ಲಿದ್ದ ಮರದ ಚೂರನ್ನು ಕಾಲಿನಡಿ ಬೆಣೆಯಾಗಿ ತುರುಕಿದ್ದ. ಮೇಡಂ ಅವನು ಏಳುವ ತನಕ ಕಾದು ಪಾಠ ಮುಂದುವರಿಸಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರು ಅವರೇ.

ಅಕ್ಕ ಶಾಲೆಗೆ ಸೇರಿದ್ದು ತನಗಾಗಿ ಅಲ್ಲ. ಶಾಲೆ ಬಿಟ್ಟ ಎಷ್ಟೋ ವರ್ಷಗಳ ಮೇಲೆ ತಮ್ಮ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿ, ಉಳಿದ ವಿಷಯಗಳನ್ನೆಲ್ಲ ದಾಟಿ, ಗಣಿತದಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದ. ಅವನು ಕೆಲಸ ಮಾಡುತ್ತಿದ್ದ ತರಬೇತಿ ಶಾಲೆಯಲ್ಲಿ ಹೊಸದಾಗಿ ಬಂದವರಿಗೆ ಉಳಿ ಹಿಡಿಯುವುದರಿಂದ ಹಿಡಿದು ಕಪಾಟು ಕೂಡಿಸುವವರೆಗೆ ಕಲಿಸುವವನು ಅವನೇ. ಕಲಿತವರು ಬಾಯ್ತುಂಬ 'ಮೇಷ್ಟ್ರೇ' ಎನ್ನುತ್ತಿದ್ದರು. ಕಾಗದದಲ್ಲಿ ಮಾತ್ರ ಅವನು ಸಹಾಯಕ. ಹಳೆಯ ಮೇಷ್ಟ್ರು ಈ ವರ್ಷ ನಿವೃತ್ತರಾಗುವವರು. "ಆ ಜಾಗ ನಿನಗೇ ಅಂತ ಇಟ್ಟಿದ್ದೀನಪ್ಪ. ಆದ್ರೆ ಹತ್ತನೇ ಕ್ಲಾಸು ಪಾಸಾಗಿರ್ಬೇಕು ಅನ್ನೋ ನಿಯಮ ನಾನು ಮಾಡಿದ್ದಲ್ಲ. ಈ ಸಲದ ಫಲಿತಾಂಶದವರೆಗೆ ಕಾಯ್ತೀನಿ, ಅದರಾಚೆಗೆ ನನ್ನ ಕೈಲಿಲ್ಲ," ಎಂದಿದ್ದರು ತರಬೇತಿ ಶಾಲೆ ನಡೆಸುವ ಮೇಲಿನವರು. ಬೇರೆಯವರು ಬಂದು ತನ್ನ ಹುಡುಗರಿಗೆ ಕಲಿಸುವುದನ್ನು ಮೂಲೆಯಲ್ಲಿ ನಿಂತು, ಮೊಳೆ ಎತ್ತಿಕೊಡುತ್ತ ನೋಡಬೇಕಲ್ಲ ಎಂಬುದೇ ತಮ್ಮನ ಸಂಕಟ.

"ಒಬ್ಬನೇ ಹೋಗೋಕೆ ನಾಚಿಕೆ ಆಗುತ್ತಕ್ಕ. ನೀನೂ ಬಾ," ಎಂದಿದ್ದ.

"ನನಗ್ಯಾಕೋ ಈ ವಯಸ್ಸಲ್ಲಿ ಲೆಕ್ಕ?"

"ಚಿಕ್ಕೋನಿದ್ದಾಗ ಗೇಟಿನ ತನಕ ಬಂದು ಬಿಟ್ಟು ಹೋಗ್ತಿದ್ದೆಯಲ್ಲ. ಈ ಸಲ ಒಳಗಡೆ ತನಕ ಬಾ."

ಆ ಮಾತಿಗೆ ಅಕ್ಕ ಕರಗಿದಳು. ಅವಳು ಐದನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಮನೆಯಲ್ಲಿ ಒಬ್ಬರು ದುಡಿಯಬೇಕಿತ್ತು, ತಮ್ಮ ಓದಬೇಕಿತ್ತು. ಅವನು ಎಂಟನೇ ತರಗತಿಯಲ್ಲಿ ಗಣಿತದ ಮೇಷ್ಟ್ರ ಏಟು ತಾಳಲಾರದೆ ಸೋದರಮಾವನ ಮರಗೆಲಸದ ಶೆಡ್ಡಿಗೆ ಓಡಿಹೋದ. ಸಂಜೆ ಹೊತ್ತು ಮೊದಲೇ ಅಲ್ಲಿ ಗರಗಸ ಎಳೆಯುತ್ತಿದ್ದವನು, ಅಂದಿನಿಂದ ಇಡೀ ದಿನ ಎಳೆದ. "ನನ್ನ ತಲೆಗೆ ಲೆಕ್ಕ ಹತ್ತಲ್ಲ," ಎಂದು ಅವನು ಹೇಳುತ್ತಿದ್ದ ರೀತಿ ನೋಡಿದರೆ, ಹುಟ್ಟುವಾಗಲೇ ಯಾರೋ ಅದನ್ನು ಹಣೆಯ ಮೇಲೆ ಕೊರೆದು ಕಳಿಸಿದ ಹಾಗಿತ್ತು.

ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಮೇಡಂ ಒಂದು ಪೂರ್ವಸಿದ್ಧತಾ ಪರೀಕ್ಷೆ ಇಟ್ಟರು. ತಮ್ಮನಿಗೆ ನೂರಕ್ಕೆ ಹದಿನೆಂಟು ಬಂತು.

ಮೇಡಂ ಅವನ ಉತ್ತರಪತ್ರಿಕೆ ಹಿಡಿದು ಬೆಂಚಿನ ಪಕ್ಕ ಬಂದು ನಿಂತರು. "ಅಣ್ಣಾ, ಇದು ನೋಡಿ. 'ಎಂಬತ್ತು ಸೆಂಟಿಮೀಟರ್ ಉದ್ದದ ಕೋಲನ್ನು ಮೂರಕ್ಕೆ ಐದರ ಅನುಪಾತದಲ್ಲಿ ಭಾಗಿಸಿ.' ಮೂರೂ ಐದೂ ಕೂಡಿದರೆ ಎಂಟು ಪಾಲು. ಎಂಬತ್ತನ್ನ ಎಂಟರಿಂದ ಭಾಗಿಸಿದರೆ ಒಂದು ಪಾಲು ಹತ್ತು. ಒಂದು ತುಂಡು ಮೂವತ್ತು, ಇನ್ನೊಂದು ಐವತ್ತು. ನಿಮಗೆ ದಾರಿ ಗೊತ್ತಿದೆ, ಎಂಟರಿಂದಲೇ ಭಾಗಿಸಿದ್ದೀರ. ಆದ್ರೆ ಎಂಬತ್ತು ಅಂತ ಇರೋ ಕಡೆ ಎಪ್ಪತ್ತೊಂಬತ್ತು ಪಾಯಿಂಟ್ ಎಂಟು ಅಂತ ಬರೆದಿದ್ದೀರಲ್ಲ, ಯಾಕೆ?"

ತಮ್ಮ ಕಾಗದವನ್ನೇ ನೋಡಿದ. ಬೈಗುಳದ ವಾಸನೆ ಬಡಿದರೆ ಸಾಕು, ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಮೇಡಂ ಬೈದಿರಲಿಲ್ಲ, ಆದರೂ ಬಿತ್ತು.

"ಗೊತ್ತಿಲ್ಲ ಮೇಡಂ. ಹಾಗೇ ಬಂತು."

"ಕಣ್ಣು ಒಂದ್ಸಲ ತೋರಿಸ್ಕೊಳ್ಳಿ. ಪ್ರಶ್ನೆ ಓದೋವಾಗ ಸಂಖ್ಯೆ ತಪ್ಪಾಗಿ ಕಾಣ್ತಿರಬಹುದು."

ಹಿಂದಿನ ಬೆಂಚಿನಲ್ಲಿ ಬಸ್ಸಿನ ಕಂಡಕ್ಟರ್ ಒಬ್ಬನಿದ್ದ. ಉತ್ತರದಲ್ಲಿ ಬಿಂದುವಿನ ಆಚೆಗಿರುವುದನ್ನೆಲ್ಲ 'ಚಿಲ್ಲರೆ ಇಲ್ಲ' ಎಂದು ಬಿಟ್ಟುಬಿಡುವ ಮಹಾನುಭಾವ. "ಬಡಗಿಯಣ್ಣ ಎಲ್ಲಾನೂ ಸ್ವಲ್ಪ ಕೆತ್ತೇ ಬರೆಯೋದು ಮೇಡಂ," ಎಂದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅಕ್ಕನಿಗೆ ಮಾತ್ರ ಆ ನಗು ಎಂಟನೇ ತರಗತಿಯ ಹುಡುಗನದು ಎಂದು ಗೊತ್ತಾಯಿತು.

ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಅಕ್ಕ ಒಬ್ಬಳೇ ಹೋದಳು. ಯಾಕೆ ಹೋಗುತ್ತೀ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಜಾಗ ಹಿಡಿದಿಡುವವರ ಹಾಗೆ ಬೆಂಚಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯಲ್ಲಿ ಚೀಲ ಇಡುತ್ತಿದ್ದಳು. ಅಂಥ ಒಂದು ಸಂಜೆ ಮೇಡಂ ಅವಳನ್ನು ಕಪ್ಪುಹಲಗೆಯ ಹತ್ತಿರ ಕರೆದರು. ತ್ರಿಜ್ಯ ಏಳು ಸೆಂಟಿಮೀಟರ್ ಇರುವ ವೃತ್ತದ ವಿಸ್ತೀರ್ಣ ಕಂಡುಹಿಡಿಯಬೇಕು.

ಸೀಮೆಸುಣ್ಣ ಹಿಡಿಯುವುದು ಅಕ್ಕನಿಗೆ ಹೊಸದಲ್ಲ. ಬಟ್ಟೆಯ ಮೇಲೆ ಗುರುತು ಹಾಕುವುದೂ ಅದರಲ್ಲೇ. ವೃತ್ತವನ್ನು ಕೈಯಿಂದಲೇ ಕತ್ತುಪಟ್ಟಿಯಷ್ಟು ಸೊಗಸಾಗಿ ಎಳೆದಳು. ಪಕ್ಕದಲ್ಲಿ ಇಪ್ಪತ್ತೆರಡು ಬೈ ಏಳು ಎಂದು ಬರೆದಳು. ಆಮೇಲೆ ಗುಣಾಕಾರದ ಚಿಹ್ನೆ ಹಾಕಿ ಎಂಟು, ಮತ್ತೆ ಎಂಟು ಎಂದು ಬರೆದಳು.

"ನಿಲ್ಲಿ ನಿಲ್ಲಿ. ತ್ರಿಜ್ಯ ಏಳಲ್ವಾ ಅಕ್ಕ? ಎಂಟು ಎಲ್ಲಿಂದ ಬಂತು?"

ಅಕ್ಕ ತಿರುಗಿ ನೋಡಿದಳು. ಇದೆಂಥ ಪ್ರಶ್ನೆ ಎನ್ನುವ ಮುಖ. "ಹೊಲಿಗೆಗೆ ಬೇಡವಾ?"

ತರಗತಿ ಗೊಳ್ಳೆಂದಿತು. ಕಂಡಕ್ಟರ್ ಬೆಂಚು ತಟ್ಟಿ ನಕ್ಕ. ಮೇಡಂ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದರು. ಆದರೆ ನಕ್ಕು ಮುಗಿಸಿದ ಮೇಲೆ ಒಂದು ಕುರ್ಚಿ ಎಳೆದುಕೊಂಡು ಹಲಗೆಯ ಪಕ್ಕದಲ್ಲೇ ಕೂತರು.

"ಇಷ್ಟು ದಿನ ಹೀಗೇ ಮಾಡ್ತಿದ್ರಾ?"

"ಏಳರ ಗೆರೆ ಮೇಲೇ ಕತ್ತರಿ ಇಟ್ರೆ ಹೊಲಿದ ಮೇಲೆ ಆರಕ್ಕೆ ಬರುತ್ತೆ ಮೇಡಂ. ಅದಕ್ಕೆ ಸುತ್ತ ಒಂದು ಸೆಂಟಿಮೀಟರ್ ಬಿಡೋದು. ನಾನೇನು ಬೇಕು ಅಂತ ಬಿಡಲ್ಲ. ಕೈ ಬಿಡುತ್ತೆ."

ಮೇಡಂ ಎದ್ದು ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದರು. "ಈ ಗೆರೆಗೆ ಅಗಲ ಇದೆ. ಸೀಮೆಸುಣ್ಣದ ದಪ್ಪ ಇದೆ. ಆದ್ರೆ ರೇಖಾಗಣಿತದಲ್ಲಿ ಇಲ್ಲ ಅಂತ ಇಟ್ಕೋಬೇಕು. ಅಲ್ಲಿ ಗೆರೆಗೆ ಉದ್ದ ಮಾತ್ರ."

"ಅಗಲ ಇಲ್ಲದ ಗೆರೆ ಮೇಲೆ ಹೊಲಿಯೋದು ಹೇಗೆ?"

"ಇಲ್ಲಿ ನಾವು ಹೊಲಿಯಲ್ಲ ಅಕ್ಕ. ಬರೀ ಅಳೀತೀವಿ."

ಅಕ್ಕ ಎಂಟುಗಳನ್ನು ಅಂಗೈಯಿಂದ ಒರೆಸಿ ಏಳು ಬರೆದಳು. ಕೆಳಗಿನ ಏಳಕ್ಕೂ ಮೇಲಿನ ಒಂದು ಏಳಕ್ಕೂ ಗೀಟು ಬಿತ್ತು. ಇಪ್ಪತ್ತೆರಡು ಏಳಲಿ ನೂರೈವತ್ತನಾಲ್ಕು. ಮೊದಲು ಇಂಥ ಲೆಕ್ಕ ಮಾಡುವಾಗ ಉತ್ತರಕ್ಕೆ ಬಿಂದುವಿನ ಆಚೆ ಬಾಲ ಬೆಳೆದು ಬೆಳೆದು ಕಾಗದದ ಅಂಚಿಗೆ ಹೋಗುತ್ತಿತ್ತು. ಇದು ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛವಾಗಿ ನಿಂತಿತ್ತು.

"ಒಂದು ಮಾತು ಎಲ್ಲರಿಗೂ ಹೇಳ್ತೀನಿ," ಎಂದರು ಮೇಡಂ. "ಮನಸ್ಸಲ್ಲಿ ಮಾಡಿದ್ದನ್ನೂ ಒಂದು ಹಂತ ಅಂತ ಬರೀರಿ. ಬರೆದ ತಪ್ಪನ್ನ ನಾನು ತಿದ್ದಬಹುದು. ಒಳಗೇ ಇಟ್ಕೊಂಡಿದ್ದನ್ನ ಹೇಗೆ ತಿದ್ದಲಿ?"

ಭಾನುವಾರ ಅಕ್ಕ ತಮ್ಮನ ಮನೆಗೆ ಹೋದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲ್ಹಲಗೆ ಹಳತಾಗಿ ಸಿಬಿರು ಏಳುತ್ತಿತ್ತು. ಅದನ್ನು ಬದಲಾಯಿಸಿಕೊಡು ಎಂದು ಕೇಳುವ ನೆಪ. ಬಾಗಿಲು ತೆಗೆದ ತಮ್ಮನ ಹೆಂಡತಿ, "ಬನ್ನಿ ಅತ್ತಿಗೆ, ಒಳ್ಳೇ ಹೊತ್ತಿಗೆ ಬಂದ್ರಿ," ಎಂದು ಒಳಗೆ ಕೈ ತೋರಿಸಿದಳು. "ಶಾಲೆ ಬಿಟ್ಟ ದಿನದಿಂದ ನನ್ನ ಅಡುಗೆಮನೆ ರಿಪೇರಿ. ಚೆನ್ನಾಗಿದ್ದ ಕಪಾಟಿನ ಬಾಗಿಲೆಲ್ಲ ಬಿಚ್ಚಿ ಮತ್ತೆ ಹಾಕ್ತಿದ್ದಾರೆ. ಉಪ್ಪಿನ ಡಬ್ಬ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ದಯವಿಟ್ಟು ಕರ್ಕೊಂಡು ಹೋಗಿ, ರಾತ್ರಿ ಊಟಕ್ಕೆ ಬಂದ್ರೆ ಸಾಕು."

ತಮ್ಮ ಗರಗಸ, ರಂದ, ಅಳತೆ ಟೇಪು ಚೀಲಕ್ಕೆ ತುಂಬಿಕೊಂಡು ತಲೆ ತಗ್ಗಿಸಿ ಬಂದ. ದಾರಿಯುದ್ದಕ್ಕೂ ಶಾಲೆಯ ಮಾತನ್ನು ಅಕ್ಕ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಕ್ಕನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ: ಒಂದು ಮಿಷನ್ನು, ಬಾಗಿಲ ಹಿಂದೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ದಾರದ ತುಣುಕುಗಳು.

ಹೊಸ ಹಲಗೆಯನ್ನು ಎರಡು ಕುರ್ಚಿಗಳ ಮೇಲೆ ಅಡ್ಡ ಇಟ್ಟು, ಅಕ್ಕ ಒಂದು ತುದಿ ಒತ್ತಿ ಹಿಡಿದಳು. ತಮ್ಮ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೆರೆ ಎಳೆದ. ಗರಗಸ ಇಟ್ಟ. ಗೆರೆಯ ಮೇಲಲ್ಲ, ಒಂದು ಕೂದಲಿನಷ್ಟು ಆಚೆಗೆ.

ಅಕ್ಕ ಅದನ್ನು ಸಾವಿರ ಸಲ ನೋಡಿದ್ದಳು. ಆವತ್ತು ಮಾತ್ರ ಕಣ್ಣು ಅಲ್ಲೇ ನಿಂತಿತು.

"ಯಾಕೋ ಗೆರೆ ಬಿಟ್ಟು ಇಟ್ಟೆ?"

"ಇನ್ನೆಲ್ಲಿ ಇಡ್ಲಿ? ಗರಗಸ ತಿನ್ನುತ್ತಲ್ಲಕ್ಕ. ಹಲ್ಲು ಓಡಿದಷ್ಟು ಮರ ಪುಡಿಯಾಗಿ ಹೋಗುತ್ತೆ. ಗೆರೆ ಮೇಲೇ ಕುಯ್ದರೆ ಹಲಗೆ ಗಿಡ್ಡ ಆಗುತ್ತೆ."

"ಎಷ್ಟು ತಿನ್ನುತ್ತೆ?"

"ಇದು ಎರಡು ಮಿಲಿಮೀಟರ್."

ಅಕ್ಕ ಹಲಗೆಯ ಮೇಲಿನ ಕೈ ತೆಗೆಯಲಿಲ್ಲ. "ಒಂದು ಕೇಳ್ತೀನಿ ಹೇಳು. ಎಂಬತ್ತು ಸೆಂಟಿಮೀಟರಿನ ಪಟ್ಟಿ ಕೊಡ್ತೀನಿ. ಮೂರು ಪಾಲು ಒಂದು ಕಡೆ, ಐದು ಪಾಲು ಇನ್ನೊಂದು ಕಡೆ ಬರೋ ಹಾಗೆ ಕುಯ್ಯಬೇಕು. ಮೊದಲು ಏನ್ ಮಾಡ್ತೀಯ?"

"ಮೊದಲು ಗರಗಸದ್ದು ತೆಗೀತೀನಿ. ಉಳಿದದ್ದು ಎಪ್ಪತ್ತೊಂಬತ್ತು ಪಾಯಿಂಟ್ ಎಂ..."

ಮಾತು ಅಲ್ಲೇ ಕಡಿಯಿತು. ಗರಗಸ ಹಲಗೆಯಲ್ಲಿ ಅರ್ಧ ಇಳಿದು ನಿಂತಿತ್ತು. ಅವನು ಅದನ್ನು ಹಾಗೇ ಬಿಟ್ಟು ನೆಲದ ಮೇಲೆ, ದಾರದ ತುಣುಕುಗಳ ಮೇಲೆ, ಮರದ ಪುಡಿಯ ಮೇಲೆ ಕೂತುಬಿಟ್ಟ.



"ಆ ಮೇಷ್ಟ್ರು ಹೊಡೆದದ್ದು ಇದಕ್ಕಾ?" ಎಂದ ಕೊನೆಗೆ. "ನನ್ನ ಉತ್ತರ ಯಾವಾಗ್ಲೂ ಚೂರು ಕಡಿಮೆ ಬರ್ತಿತ್ತು. ಕದ್ದುಬಿಟ್ಟೆಯಾ ಅಂತ ಕೇಳ್ತಿದ್ರು. ನಾನು ಮಾವನ ಶೆಡ್ಡಲ್ಲಿ ಮಾಡೋ ಹಾಗೇ ಮಾಡ್ತಿದ್ದೆ." ಮರದ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡಿದ. "ಪುಸ್ತಕದ ಗರಗಸ ತಿನ್ನಲ್ಲ ಅಂತ ಒಬ್ಬರಾದ್ರೂ ಹೇಳಬಾರದಿತ್ತಾ?"

"ನಿನ್ನ ಗರಗಸ ತಿನ್ನುತ್ತೆ ಅಂತ ನೀನು ಯಾರಿಗೆ ಹೇಳಿದ್ದೆ? ನಾನೂ ಹೇಳಿರಲಿಲ್ಲ." ಅಕ್ಕ ತನ್ನ ಎಂಟರ ಕತೆಯನ್ನು, ತರಗತಿ ನಕ್ಕದ್ದನ್ನು, ಅಗಲವಿಲ್ಲದ ಗೆರೆಯನ್ನು, ಮನಸ್ಸಲ್ಲಿ ಮಾಡಿದ್ದನ್ನೂ ಬರೆಯಿರಿ ಎಂದ ಮೇಡಂ ಮಾತನ್ನು ಒಂದೂ ಬಿಡದೆ ಹೇಳಿದಳು. "ನೀನು ಕಳೀತೀಯ, ನಾನು ಕೂಡ್ತೀನಿ. ಒಂದೇ ಹೊಟ್ಟೇಲಿ ಹುಟ್ಟಿದವರು ನೋಡು."

"ಹಾಗಾದ್ರೆ ನಾನು ದಡ್ಡ ಅಲ್ಲ ಅಂತೀಯ?"

"ದಡ್ಡನೇ. ಹೇಳದೆ ಕೇಳದೆ ಶಾಲೆ ಬಿಟ್ಟೋನು ಇನ್ನೇನು? ಆದ್ರೆ ಲೆಕ್ಕದಲ್ಲಲ್ಲ."

ಕಾರಣ ಗೊತ್ತಾದರೆ ಕೈ ಕೇಳಬೇಕಲ್ಲ! ಕೈ ಕೇಳಲಿಲ್ಲ. ಆ ಸಂಜೆ ಅದೇ ಹಲಗೆಯ ಮೇಲೆ ಹಾಳೆ ಹರಡಿ ಕೂತರೂ, ತಮ್ಮ ಹತ್ತು ಲೆಕ್ಕ ಮಾಡಿದರೆ ಆರರಲ್ಲಿ ಗರಗಸ ತನ್ನ ಪಾಲು ತಿಂದು ಹೋಗಿರುತ್ತಿತ್ತು. ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಅಕ್ಕ ಮತ್ತೊಂದು ಹಾಳೆ ಕೊಡುತ್ತಿದ್ದಳು. ಬಿಚ್ಚಿ ಹೊಲಿಯುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ದಾರಿ ಕಂಡುಕೊಂಡವನು ಕೊನೆಗೆ ತಮ್ಮನೇ. "ಮೇಡಂ ಮನಸ್ಸಲ್ಲಿರೋದನ್ನೂ ಬರೀರಿ ಅಂದ್ರಲ್ವಾ? ಗರಗಸವನ್ನೂ ಬರೆದುಬಿಡ್ತೀನಿ." ಹಾಳೆಯ ಮೇಲ್ತುದಿಯಲ್ಲಿ 'ಗ' ಎಂದು ಬರೆದು, ಸಮಚಿಹ್ನೆ ಹಾಕಿ, ಸೊನ್ನೆ ಬರೆದ. ಅದರ ಕೆಳಗೆ ಲೆಕ್ಕ ಶುರು ಮಾಡಿದ. ಮೂರು ಪಾಲು, ಐದು ಪಾಲು, ಅದಕ್ಕೆ ಗರಗಸ ತಿಂದ 'ಗ' ಕೂಡಿದರೆ ಎಂಬತ್ತು. ಗ ಸೊನ್ನೆ. ಹಾಗಾಗಿ ಎಂಟು ಪಾಲು ಅಂದರೆ ಎಂಬತ್ತು, ಒಂದು ಪಾಲು ಹತ್ತು. ಎಲ್ಲೂ ಬಾಲವಿಲ್ಲ.

ಸೋಮವಾರ ಬೆಂಚಿನ ಮೇಲಿನ ಚೀಲ ಕೆಳಗಿಳಿಯಿತು. ಮೇಡಂ ಅವನ ಹಾಳೆ ನೋಡಿ ಹುಬ್ಬೇರಿಸಿದರು. "ಇದೇನಣ್ಣ, ಗ ಅಂದ್ರೆ?"

"ಗಾಬರಿ," ಎಂದ ಹಿಂದಿನಿಂದ ಕಂಡಕ್ಟರ್. "ಗಾಬರಿ ಸೊನ್ನೆ ಅಂತ ಬರ್ಕೊಂಡಿರಬೇಕು ಮೇಡಂ."

"ಗರಗಸ ಮೇಡಂ," ಎಂದ ತಮ್ಮ. ಈ ಸಲ ಬಾಯಿಗೆ ಬೀಗ ಬೀಳಲಿಲ್ಲ. ಎಲ್ಲವನ್ನೂ ಹೇಳಿದ. ಮೇಡಂ ಕೇಳುತ್ತ ಕೇಳುತ್ತ ಅವನ ಹಳೆಯ ಉತ್ತರಪತ್ರಿಕೆ ತರಿಸಿಕೊಂಡು ಸಾಲು ಸಾಲು ನೋಡಿದರು. ತಪ್ಪಾದ ಪ್ರತಿ ಲೆಕ್ಕದಲ್ಲೂ ಒಂದೊಂದು ಕೊಯ್ತ ಸಿಕ್ಕಿತು. "ಕಣ್ಣು ತೋರಿಸ್ಕೊಳ್ಳಿ ಅಂದೆನಲ್ಲ ನಾನು," ಎಂದು ಪೇಚಾಡಿದರು.

"ತೋರಿಸ್ಕೊಂಡೆ ಮೇಡಂ. ಕಣ್ಣು ಚೆನ್ನಾಗಿದೆಯಂತೆ."

"ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಕೊಡೋದು ಬೀಜಗಣಿತ," ಎಂದು ಮೇಡಂ ನಕ್ಕರು. "ನೀವು ಗೊತ್ತಿರೋದನ್ನ ಸುಮ್ಮನಿರಿಸೋಕೆ ಅಕ್ಷರ ಕೊಟ್ಟಿದ್ದೀರ. ಪರೀಕ್ಷೆಯಲ್ಲೂ ಅಂಚಿನಲ್ಲಿ ಹೀಗೇ ಬರ್ಕೊಳ್ಳಿ. ಯಾರೂ ಅಂಕ ಕಳೆಯಲ್ಲ."

ಪರೀಕ್ಷೆಯವರೆಗೆ ತಮ್ಮ ದಿನವೂ ಸೊನ್ನೆಯ ಅಭ್ಯಾಸ ಮಾಡಿದ. ಎಷ್ಟು ಮಾಡಿದನೆಂದರೆ, ಅದು ಮರದ ಕೆಲಸಕ್ಕೂ ಇಳಿಯಿತು. ಅಕ್ಕನ ಮೇಜಿಗೆ ಹೊಸ ಕಾಲು ಕುಯ್ಯುವಾಗ ಗರಗಸವನ್ನು ನೇರ ಗೆರೆಯ ಮೇಲೇ ಇಟ್ಟುಬಿಟ್ಟ. ಕಾಲು ಗಿಡ್ಡವಾಯಿತು, ಮೇಜು ಕುಂಟಿತು. ಅವನು ನಾಚಿ ಹೋದ. ಅಕ್ಕನಿಗೆ ಒಳಗೊಳಗೇ ಸಂತೋಷ. ಆ ಕಾಲಿನಡಿಗೆ ಮಡಿಸಿದ ಬಟ್ಟೆ ತುರುಕಿ ಸುಮ್ಮನಾದಳು.

ತಮ್ಮನ ಜೊತೆಗಿರಲೆಂದು ಅಕ್ಕನೂ ಗಣಿತದ ಪರೀಕ್ಷೆ ಕಟ್ಟಿದ್ದಳು. ಪರೀಕ್ಷೆಯ ದಿನ ಇಬ್ಬರ ಜಾಗ ಬೇರೆ ಬೇರೆ. ಅಕ್ಕ ಹಿಂದೆ, ತಮ್ಮ ಕಿಟಕಿಯ ಪಕ್ಕ ಮುಂದೆ. ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ. ಪ್ರಶ್ನೆಪತ್ರಿಕೆ ಬಂದ ಕೂಡಲೇ ಆ ಬೆನ್ನು ಗೋಡೆಯ ಹಾಗೆ ಬಿಗಿಯಿತು. ಅಕ್ಕ ಪೆನ್ನು ಹಿಡಿದು ಕಾದಳು. ಬರೆಯೋ, ಅಂಚಿನಲ್ಲಿ ಬರೆಯೋ, ಎಂದು ತುಟಿ ಅಲುಗಿತು. ಸ್ವಲ್ಪ ಹೊತ್ತಿಗೆ ಭುಜ ಇಳಿಯಿತು, ಮೊಣಕೈ ಚಲಿಸತೊಡಗಿತು. ಆಮೇಲೆ ಅವಳು ತನ್ನ ಪತ್ರಿಕೆ ತೆರೆದಳು.

ದೊಡ್ಡ ಪ್ರಶ್ನೆ ಕೊನೆಯಲ್ಲಿತ್ತು. ನೂರ ಎಪ್ಪತ್ತಾರು ಸೆಂಟಿಮೀಟರ್ ಉದ್ದದ ತಂತಿಯನ್ನು ಒಂದಕ್ಕೆ ಮೂರರ ಅನುಪಾತದಲ್ಲಿ ಕತ್ತರಿಸಿ, ಚಿಕ್ಕ ತುಂಡನ್ನು ವೃತ್ತವಾಗಿ ಬಗ್ಗಿಸಿದರೆ ಆ ವೃತ್ತದ ವಿಸ್ತೀರ್ಣ ಎಷ್ಟು? ಅಕ್ಕ ತಲೆಯೆತ್ತಿ ತಮ್ಮನ ಬೆನ್ನನ್ನು ನೋಡಿದಳು. ಕತ್ತರಿಸಿ ಎಂದಿದೆ. ಇದು ತಮ್ಮನ ಗರಗಸಕ್ಕೇ ಒಡ್ಡಿದ ಮರ.

ಗಂಟೆ ಬಾರಿಸಿದಾಗ ತಮ್ಮ ಎಲ್ಲರಿಗಿಂತ ಕೊನೆಗೆ ಹೊರಬಂದ. ಅಂಗಳದ ನಲ್ಲಿಯ ಹತ್ತಿರ ಮುಖ ತೊಳೆದ. ಒರೆಸಿಕೊಳ್ಳಲಿಲ್ಲ.

"ಎಷ್ಟು ಬಂತು ಅಂತ ಬಾಯಲ್ಲಿ ಹೇಳಬೇಡ," ಎಂದಳು ಅಕ್ಕ. "ನೆಲದ ಮೇಲೆ ಬರಿ. ನಾನೂ ಬರೀತೀನಿ."

"ಯಾಕೆ?"

"ತಪ್ಪಿದ್ರೆ ನಂದು ಯಾವಾಗ್ಲೂ ಹೆಚ್ಚಿಗೆ, ನಿಂದು ಯಾವಾಗ್ಲೂ ಕಡಿಮೆಗೆ. ಇಬ್ಬರದೂ ಒಂದೇ ಬಂದಿದ್ರೆ?"

ತಮ್ಮ ಒಂದು ಕ್ಷಣ ಯೋಚಿಸಿದ. "ಒಂದೇ ಬಂದಿದ್ರೆ ಸರಿ ಬಂದಿರ್ಲೇಬೇಕು," ಎಂದ ನಿಧಾನವಾಗಿ. ಒದ್ದೆ ಮಣ್ಣಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅವನು ಕಡ್ಡಿ ಹಿಡಿದ, ಅವಳು ಬೆರಳನ್ನೇ ಊರಿದಳು. ಅವನು ಪಿಸುಗುಡುವುದು ಕೇಳುತ್ತಿತ್ತು: ನಾಲ್ಕು ಪಾಲು ನೂರ ಎಪ್ಪತ್ತಾರು, ಒಂದು ಪಾಲು ನಲವತ್ತನಾಲ್ಕು, ಸುತ್ತಳತೆ ನಲವತ್ತನಾಲ್ಕಾದರೆ ತ್ರಿಜ್ಯ ಏಳು...

ಇಬ್ಬರೂ ತಿರುಗಿದರು. ಅಲ್ಲೂ ನೂರೈವತ್ತನಾಲ್ಕು, ಇಲ್ಲೂ ನೂರೈವತ್ತನಾಲ್ಕು.

ತಮ್ಮ ಆ ಎರಡು ಸಂಖ್ಯೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಆತುರದಿಂದ ಒಂದೊಂದೇ ಪ್ರಶ್ನೆ ಕೇಳಿದ, ಒಂದೊಂದೇ ಬರೆದರು. ಏಣಿಯ ತ್ರಿಭುಜ ಕೂಡಿತು. ಇಬ್ಬರ ವಯಸ್ಸಿನ ಸಮೀಕರಣ ಕೂಡಿತು. ನಡುವೆ ಒಂದು ಸುಲಭದ್ದಿತ್ತು. ನೂರೈವತ್ತು ಸೆಂಟಿಮೀಟರ್ ಉದ್ದ, ನೂರು ಅಗಲದ ಕಿಟಕಿ ಪರದೆಯ ವಿಸ್ತೀರ್ಣ. ತಮ್ಮ ಹದಿನೈದು ಸಾವಿರ ಎಂದು ಬರೆದ. ತಿರುಗಿ ನೋಡಿದರೆ ಅಕ್ಕನದು ಹದಿನೈದು ಸಾವಿರದ ಐನೂರ ನಾಲ್ಕು.

"ಅಕ್ಕಾ!" ಎಂದ ತಮ್ಮ. "ಹೊಲಿಗೆಗೆ ಬಿಟ್ಟೆಯಾ?"

ಅಕ್ಕ ಬಾಯಿಯ ಮೇಲೆ ಕೈ ಇಟ್ಟಳು. "ಪರದೆ ಅಂತ ಬರೆದಿದ್ರಲ್ಲೋ. ಅಂಚು ಮಡಿಸದೆ ಪರದೆ ಯಾರು ಕೊಡ್ತಾರೆ?"

ಅವನು ನಕ್ಕ. ನಲ್ಲಿಯ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅಷ್ಟು ಹೊತ್ತಿಗೆ ಹೊರಬಂದ ಕಂಡಕ್ಟರ್, "ಏನಣ್ಣ, ಫೇಲಾ?" ಎಂದು ಗಾಬರಿಯಿಂದ ಕೇಳಿದ.

"ನಾನಲ್ಲ. ನಮ್ಮಕ್ಕ. ಪರದೆಗೆ ಅಂಚು ಬಿಟ್ಟವಳೆ!"

ಗೇಟಿನ ಕಡೆ ನಡೆಯುವಾಗ ಅವನು ಮತ್ತೆ ಬಾಗಿಲಿನಷ್ಟು ಎತ್ತರವಾಗಿದ್ದ. "ನಾಳೆ ಹೋಗಿ ಮೇಲಿನವರಿಗೆ ಹೇಳ್ತೀನಿ, ಬೇರೆಯವರನ್ನ ಹುಡುಕೋದು ಬೇಡ ಅಂತ."

"ಫಲಿತಾಂಶ ಬರಲಿ ಕಣೋ."

"ಇಬ್ಬರದೂ ಒಂದೇ ಬಂದಿದ್ರೆ ಅಂತ ನೀನೇ ಅಲ್ವಾ ಕೇಳಿದ್ದು?"

ಗೇಟು ದಾಟಿದ ಮೇಲೆ ಅಕ್ಕ ಅವನ ತೋಳು ಹಿಡಿದು, "ಈಗ ಮನೆಗೆ ಬಂದು ನನ್ನ ಮೇಜಿನ ಕಾಲು ಹೊಸದು ಮಾಡಿಕೊಡು," ಎಂದಳು. "ಗರಗಸಕ್ಕೆ ಮತ್ತೆ ಹಲ್ಲು ಬರಲಿ. ಗೆರೆ ಬಿಟ್ಟು ಆಚೆಗೇ ಕುಯ್ಯಿ."